ಫ್ಲಾಪಿಯ ಪಡಿಯಚ್ಚು

ಆಪಲ್ 2 ಎಂಬ ಗಣಕಯಂತ್ರಕ್ಕಾಗಿ ಒಂದು ಕಾಲದಲ್ಲಿ ಸಿದ್ಧವಾಗಿದ್ದ ಫ್ಲಾಪಿಗಳ ಪ್ರತಿಗಳನ್ನು ಸಂಗ್ರಹಿಸಿಟ್ಟಿರುವ ಯಾವ ಭಂಡಾರವನ್ನು ತೆರೆದು ನೋಡಿದರೂ, ಅಲ್ಲಿನ ಕಡತಗಳಲ್ಲಿ ಬಹುಪಾಲು ಒಂದೇ ಗಾತ್ರದವಾಗಿರುವುದು ಕಣ್ಣಿಗೆ ಬೀಳುತ್ತದೆ. ಒಳಗಿರುವುದು ಆಟವಾಗಿರಲಿ, ವ್ಯಾಪಾರಿಯ ಲೆಕ್ಕಪತ್ರವಾಗಿರಲಿ, ಶಾಲೆಯ ಪಾಠವಾಗಿರಲಿ, ಏನೂ ಇಲ್ಲದ ಬರಿದಾದ ಫ್ಲಾಪಿಯೇ ಆಗಿರಲಿ, ಕಡತದ ಅಳತೆ ಮಾತ್ರ 1,43,360 ಬೈಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಡಿಸ್ಕ್ ಇಮೇಜ್ ಎಂದು ಕರೆಯಲ್ಪಡುವ ಈ ಜಾತಿಯ ಕಡತವನ್ನು ಅರಿಯಬಯಸುವವರು ಮೊದಲು ಕೇಳಬೇಕಾದುದು ಈ ಸಂಖ್ಯೆ ಎಲ್ಲಿಂದ ಬಂದಿತೆಂಬುದನ್ನು. ಟ್ರ್ಯಾಕ್ ಎಂಬ ವರ್ತುಲಗಳು 35, ಪ್ರತಿಯೊಂದು ಟ್ರ್ಯಾಕಿನಲ್ಲಿ ಸೆಕ್ಟರ್ ಎಂಬ ಖಂಡಗಳು 16, ಪ್ರತಿಯೊಂದು ಸೆಕ್ಟರಿನಲ್ಲಿ 256 ಬೈಟುಗಳು: ಗುಣಿಸಿದರೆ ಉತ್ತರ ದೊರೆಯುತ್ತದೆ. ಆದರೆ 35 ಏಕೆ, 16 ಏಕೆ ಎಂದು ಕೇಳುತ್ತ ಹಿಂದೆ ಹಿಂದೆ ನಡೆದಂತೆ ಒಂದು ಯಂತ್ರದ ಜನನವೃತ್ತಾಂತವೂ, ಒಂದು ವ್ಯಾಪಾರದ ಆತಂಕಗಳೂ, ಒಂದು ತಲೆಮಾರಿನ ಶ್ರಮವನ್ನು ನಾಶದಿಂದ ಕಾಪಾಡಲು ಹೊರಟವರ ಪ್ರಯತ್ನಗಳೂ ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಅದರೊಡನೆಯೇ, ಈ ಕಡತವು ತನ್ನೊಳಗೆ ಏನನ್ನು ಉಳಿಸಿಕೊಂಡಿತು, ಏನನ್ನು ಹೊರಗೆ ಬಿಟ್ಟಿತು ಎಂಬ ಪ್ರಶ್ನೆಯೂ ಏಳುತ್ತದೆ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಈ ಕಡೆಯ ಪ್ರಶ್ನೆಯೇ.

ಫ್ಲಾಪಿಯು ಮೊದಲು ಅವತರಿಸಿದುದು ಗೃಹೋಪಯೋಗಕ್ಕಾಗಿ ಅಲ್ಲ. ಐಬಿಎಂ ಸಂಸ್ಥೆಯವರು ತಮ್ಮ ಸಿಸ್ಟಮ್ 370 ಎಂಬ ಬೃಹದ್ಗಣಕಗಳಿಗೆ ಅವುಗಳ ಒಳಗಿನ ಮೂಲಾದೇಶಗಳನ್ನು ತುಂಬಿಸಲು ಅಗ್ಗವೂ ಹಗುರವೂ ಆದ ಸಾಧನವೊಂದನ್ನು ಅರಸುತ್ತಿದ್ದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಅವರ ಪ್ರಯೋಗಶಾಲೆಯಲ್ಲಿ, ಕಾಂತೀಯ ಆಕ್ಸೈಡನ್ನು ಲೇಪಿಸಿದ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಯ ರೂಪದಲ್ಲಿ ಅದು ಸಿದ್ಧವಾಗಿ 1971ರಲ್ಲಿ ಹೊರಬಂದಿತು. ಅದರ ಅಗಲ 8 ಅಂಗುಲ. ಆ ಕಾರ್ಯದಲ್ಲಿ ಪಾಲುಗೊಂಡಿದ್ದ ಆಲನ್ ಶುಗಾರ್ಟ್ ಅವರು 1973ರಲ್ಲಿ ತಮ್ಮದೇ ಹೆಸರಿನ ಕಂಪನಿಯನ್ನು ಸ್ಥಾಪಿಸಿದರು; ಆ ಕಂಪನಿಯಿಂದ 1976ರಲ್ಲಿ ಐದೂಕಾಲು ಅಂಗುಲದ ಕಿರಿಯ ಫ್ಲಾಪಿಯೂ ಅದನ್ನು ತಿರುಗಿಸುವ ಎಸ್‌ಎ 400 ಎಂಬ ಡ್ರೈವೂ ಪೇಟೆಗೆ ಬಂದುವು. ನಮ್ಮ ಗುಣಾಕಾರದ ಮೊದಲನೆಯ ಅಂಕಿಯ ಮೂಲ ಇಲ್ಲಿದೆ: ಎಸ್‌ಎ 400 ಡ್ರೈವಿನ ತಲೆಯು ಬಿಲ್ಲೆಯ ಮೇಲೆ ಚಲಿಸಿ ನಿಲ್ಲಬಲ್ಲ ನೆಲೆಗಳು 35.

1977ರಲ್ಲಿ ಹೊರಬಂದ ಆಪಲ್ 2 ಯಂತ್ರವು ತನ್ನ ಪ್ರೋಗ್ರಾಮುಗಳನ್ನು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಿಂದಲೇ ಓದಿಕೊಳ್ಳುತ್ತಿತ್ತು. ಆಪಲ್ ಕಂಪನಿಗೆ ಬಂಡವಾಳವನ್ನೂ ವ್ಯವಹಾರಜ್ಞಾನವನ್ನೂ ತಂದುಕೊಟ್ಟಿದ್ದ ಮೈಕ್ ಮಾರ್ಕುಲಾ ಅವರು ಬ್ಯಾಂಕಿನ ಚೆಕ್ಕುಗಳ ಲೆಕ್ಕವಿಡುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಅದನ್ನು ಕ್ಯಾಸೆಟ್ಟಿನಿಂದ ಯಂತ್ರಕ್ಕೆ ಏರಿಸುವುದಕ್ಕೆ ತಗಲುತ್ತಿದ್ದ ವಿಳಂಬದಿಂದ ಬೇಸತ್ತು, ಫ್ಲಾಪಿ ಡ್ರೈವ್ ಬೇಕೇಬೇಕೆಂದು ಹಟ ಹಿಡಿದರು. ಯಂತ್ರದ ನಿರ್ಮಾತೃವಾದ ಸ್ಟೀವ್ ವೋಜ್ನಿಯಾಕ್ ಅವರು ಆ ಕೆಲಸವನ್ನು ಕೈಗೆತ್ತಿಕೊಂಡುದು 1977ರ ಕ್ರಿಸ್‌ಮಸ್ ರಜೆಯ ಸುಮಾರಿಗೆ. 1978ರ ಜನವರಿಯಲ್ಲಿ ಲಾಸ್ ವೇಗಸ್ಸಿನ ಪ್ರದರ್ಶನದ ವೇಳೆಗೆ, ರ್‍ಯಾಂಡಿ ವಿಗಿಂಗ್‌ಟನ್ ಎಂಬ ತರುಣನ ಸಹಾಯದಿಂದ, ತೋರಿಸಬಹುದಾದ ಮಾದರಿ ಸಿದ್ಧವಾಗಿತ್ತು. ಇತರರು ಹತ್ತಾರು ಚಿಪ್ಪುಗಳನ್ನು ಜೋಡಿಸಿ ಮಾಡುತ್ತಿದ್ದ ನಿಯಂತ್ರಣಕಾರ್ಯವನ್ನು ವೋಜ್ನಿಯಾಕ್ ಕೇವಲ 8 ಚಿಪ್ಪುಗಳ ಒಂದು ಕಾರ್ಡಿನಲ್ಲಿ ಸಾಧಿಸಿದರು. ಶುಗಾರ್ಟ್ ಕಂಪನಿಯ ಡ್ರೈವಿನಲ್ಲಿದ್ದ ವಿದ್ಯುನ್ಮಂಡಲಗಳಲ್ಲಿಯೂ ಬಹುಭಾಗವನ್ನು ಅನಾವಶ್ಯಕವೆಂದು ತೆಗೆಸಿಹಾಕಿದರು. ತಲೆಯು ಮೊದಲ ಟ್ರ್ಯಾಕನ್ನು ತಲಪಿತೆಂದು ತಿಳಿಸುವ ಸೂಚಕವೂ ಆ ಡ್ರೈವಿನಲ್ಲಿ ಇರಲಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗ ತಲೆಯನ್ನು ಸಾಕಷ್ಟು ಹೆಜ್ಜೆ ಹಿಂದಕ್ಕೆ ತಳ್ಳಿದರೆ ಅದು ತಡೆಗೆ ತಾಗಿ ತಾನಾಗಿ ಮೊದಲಿಗೆ ಬಂದು ನಿಲ್ಲುವುದೆಂಬುದು ಅವರ ಲೆಕ್ಕ; ಆಪಲ್ 2 ಬಳಸಿದವರೆಲ್ಲ ಇಂದಿಗೂ ನೆನೆಯುವ ಆ ಕಟಕಟ ಶಬ್ದಕ್ಕೆ ಇದೇ ಕಾರಣ. ಡಿಸ್ಕ್ 2 ಎಂಬ ಹೆಸರಿನಿಂದ 1978ರಲ್ಲಿಯೇ ಈ ಡ್ರೈವು ಗಿರಾಕಿಗಳ ಕೈಸೇರಿತು. ಮುಂಗಡ ಕಾಯ್ದಿರಿಸಿದವರಿಗೆ ಅದರ ಬೆಲೆ 495 ಡಾಲರು.

ಈ ಮಿತವ್ಯಯದ ಫಲವಾಗಿ ಉಳಿದ ಯಂತ್ರಗಳಲ್ಲಿ ಹಾರ್ಡ್‌ವೇರ್ ಮಾಡುತ್ತಿದ್ದ ನಿರ್ಣಯಗಳೆಲ್ಲ ಆಪಲ್ 2ರಲ್ಲಿ ಸಾಫ್ಟ್‌ವೇರಿನ ಪಾಲಿಗೆ ಬಂದುವು. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯಿಂದ ಹೊರಟುದಾದ ಕಾರಣ ಇಲ್ಲಿ ಕೊಂಚ ನಿಲ್ಲಬೇಕು.

ತಿರುಗುವ ಬಿಲ್ಲೆಯ ಮೇಲೆ ಡ್ರೈವಿನ ತಲೆಯು ಗುರುತಿಸಬಲ್ಲುದು ಒಂದೇ ಒಂದು ಘಟನೆಯನ್ನು: ಕಾಂತೀಯತೆಯ ದಿಕ್ಕು ಪಲ್ಲಟವಾಗುವುದನ್ನು. ನಿಯಮಿತ ಕಾಲಾವಧಿಯೊಳಗೆ ಪಲ್ಲಟ ಕಂಡುಬಂದರೆ ಅದು 1, ಕಾಣದಿದ್ದರೆ 0. ಆ ಅವಧಿ ಆಪಲ್ 2ರಲ್ಲಿ 4 ಮೈಕ್ರೊಸೆಕೆಂಡು. ಬಿಲ್ಲೆಯು ನಿಮಿಷಕ್ಕೆ 300 ಸುತ್ತು, ಎಂದರೆ ಸೆಕೆಂಡಿಗೆ 5 ಸುತ್ತು ತಿರುಗುವುದರಿಂದ ಒಂದು ಟ್ರ್ಯಾಕಿನಲ್ಲಿ ಸುಮಾರು 50,000 ಬಿಟ್ಟುಗಳಿಗೆ ಸ್ಥಳವಿರುತ್ತದೆ. ಆದರೆ ಮೋಟಾರಿನ ವೇಗ ಗಡಿಯಾರದಂತೆ ನಿಷ್ಕೃಷ್ಟವಾದುದಲ್ಲ. 0ಗಳು ಸಾಲಾಗಿ ಬಂದರೆ, ಎಂದರೆ ಬಹಳ ಹೊತ್ತು ಯಾವ ಪಲ್ಲಟವೂ ಕಾಣದಿದ್ದರೆ, ಎಷ್ಟು ಅವಧಿಗಳು ಕಳೆದುವೆಂಬ ಎಣಿಕೆ ತಪ್ಪಿಹೋಗುತ್ತದೆ. ಆದುದರಿಂದ ಸ್ಮೃತಿಯಲ್ಲಿರುವ ಬೈಟುಗಳನ್ನು ಇದ್ದಂತೆಯೇ ಬಿಲ್ಲೆಯ ಮೇಲೆ ಬರೆಯುವುದು ಸಾಧ್ಯವಿರಲಿಲ್ಲ. ದೀರ್ಘವಾದ ಶೂನ್ಯಗಳ ಸಾಲು ಇಲ್ಲದ ಬೈಟುಗಳನ್ನು ಮಾತ್ರ ಆರಿಸಿಕೊಂಡು, ಅವುಗಳ ಮೂಲಕವೇ ಎಲ್ಲವನ್ನೂ ಸಂಕೇತಿಸಬೇಕಾಗಿದ್ದಿತು. ಮೊದಮೊದಲು ಎರಡು 0ಗಳು ಅಕ್ಕಪಕ್ಕದಲ್ಲಿ ಬರಬಾರದೆಂಬ ಕಟ್ಟಿನ ನಿಯಮವಿದ್ದುದರಿಂದ 32 ಬೈಟುಗಳಷ್ಟೇ ಸಂಕೇತಕ್ಕೆ ಒದಗಿದುವು. ಒಂದೊಂದರಲ್ಲಿಯೂ 5 ಬಿಟ್ಟುಗಳಷ್ಟು ಮಾಹಿತಿಯನ್ನು ಇಡಲು ಸಾಧ್ಯವಾಗಿ, ಟ್ರ್ಯಾಕಿಗೆ 13 ಸೆಕ್ಟರುಗಳು ಹಿಡಿದುವು. ಕಾರ್ಡಿನ ಮೇಲಿನ ಚಿಪ್ಪುಗಳಲ್ಲಿ ಬರೆದಿಟ್ಟ ಆದೇಶಗಳನ್ನು ಬದಲಿಸಿದರೆ ಎರಡು 0ಗಳ ಸಾಮೀಪ್ಯವನ್ನೂ ಸಹಿಸಬಹುದೆಂದು ಅನಂತರ ತಿಳಿದುಬಂದಿತು. ಆಗ 64 ಬೈಟುಗಳು ದೊರೆತು, ಒಂದೊಂದಕ್ಕೂ 6 ಬಿಟ್ಟುಗಳನ್ನು ಹೊರಿಸಿ, 16 ಸೆಕ್ಟರುಗಳನ್ನು ಅದೇ ಟ್ರ್ಯಾಕಿನಲ್ಲಿ ಅಡಕಮಾಡಲು ಸಾಧ್ಯವಾಯಿತು. 1980ರಲ್ಲಿ ಬಂದ ಡಾಸ್ 3.3 ಎಂಬ ಕಾರ್ಯವ್ಯವಸ್ಥೆಯಿಂದ ಈ ಸುಧಾರಣೆ ಎಲ್ಲರಿಗೂ ಲಭಿಸಿತು. ಅದೇ ಬಿಲ್ಲೆ, ಅದೇ ಮೋಟಾರು, ಅದೇ ತಲೆ. 1,16,480 ಬೈಟುಗಳಿದ್ದಲ್ಲಿ 1,43,360 ಬೈಟುಗಳು! ಎರಡೋ ಮೂರೋ ಚಿಪ್ಪುಗಳೊಳಗಿನ ಬುದ್ಧಿಯು ಲೋಹವನ್ನೂ ಆಕ್ಸೈಡನ್ನೂ ಮುಟ್ಟದೆ ಸ್ಥಳವನ್ನು ಹಿಗ್ಗಿಸಿದ ಈ ಪರಿಯನ್ನು ಗಣಕಗಳ ಇತಿಹಾಸದ ಸುಂದರ ಪ್ರಸಂಗಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಬಿಟ್ಟುಗಳ ಪ್ರವಾಹದಲ್ಲಿ ಒಂದು ಬೈಟು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂದು ತಿಳಿಯುವುದೂ ಒಂದು ಸಮಸ್ಯೆಯೇ ಆಗಿದ್ದಿತು. ಬಿಲ್ಲೆಯಲ್ಲಿ ಸುತ್ತಿನ ಆದಿಯನ್ನು ತೋರಿಸುವ ಸಣ್ಣ ರಂಧ್ರವೊಂದಿದ್ದರೂ ವೋಜ್ನಿಯಾಕ್ ಅದನ್ನು ಉಪಯೋಗಿಸಿಕೊಳ್ಳಲಿಲ್ಲ. ಆದುದರಿಂದ ಆಪಲ್ 2ರ ಟ್ರ್ಯಾಕಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಆ ವರ್ತುಲದಲ್ಲಿ ದಾರಿ ತೋರುವುದಕ್ಕಾಗಿ ಎಂಟು 1ಗಳ ಬೆನ್ನಿಗೆ ಎರಡು 0ಗಳುಳ್ಳ, ಒಟ್ಟು 10 ಬಿಟ್ಟುಗಳ ವಿಶೇಷ ಬೈಟುಗಳನ್ನು ಸಾಲಾಗಿ ಬರೆದಿಡುತ್ತಿದ್ದರು. ಓದುವ ಮಂಡಲವು ಎಷ್ಟೇ ತಪ್ಪಾದ ಎಡೆಯಲ್ಲಿ ಓದಲಾರಂಭಿಸಿದರೂ ಇಂತಹ ಐದು ಬೈಟುಗಳನ್ನು ದಾಟುವಷ್ಟರಲ್ಲಿ ತಾನಾಗಿ ಸರಿಯಾದ ಲಯಕ್ಕೆ ಬಂದು ಸೇರುತ್ತಿತ್ತು. ಅದಾದ ಮೇಲೆ ಡಿ5, ಎಎ, 96 ಎಂಬ ಮೂರು ಬೈಟುಗಳ ಮುದ್ರೆ; ಅದರ ಬಳಿಕ ಟ್ರ್ಯಾಕಿನ ಸಂಖ್ಯೆ, ಸೆಕ್ಟರಿನ ಸಂಖ್ಯೆ; ಮತ್ತೆ ಲಯಕ್ಕೆ ತರುವ ಬೈಟುಗಳು; ಡಿ5, ಎಎ, ಎಡಿ ಎಂಬ ಇನ್ನೊಂದು ಮುದ್ರೆ; ಅದಾದ ಬಳಿಕವೇ ಸೆಕ್ಟರಿನ ಒಡಲು. 256 ಬೈಟುಗಳ ಒಡಲು ಸಂಕೇತಿತವಾಗಿ 342 ಬೈಟುಗಳಾಗಿ ಹಿಗ್ಗಿ, ತಪ್ಪನ್ನು ಪರೀಕ್ಷಿಸುವ ಒಂದು ಬೈಟು ಸೇರಿ 343 ಆಗುತ್ತಿತ್ತು. ಈ ಸಮಸ್ತ ವಿವರಗಳನ್ನು ಡಾನ್ ವರ್ತ್ ಮತ್ತು ಪೀಟರ್ ಲೆಕ್ನರ್ ಎಂಬ ಇಬ್ಬರು 1981ರಲ್ಲಿ ‘ಬಿನೀತ್ ಆಪಲ್ ಡಾಸ್’ ಎಂಬ ಪುಸ್ತಕದಲ್ಲಿ ಬಿಡಿಸಿಟ್ಟರು. ಫ್ಲಾಪಿಯೊಂದರ ಅಂತರಂಗವನ್ನು ಸಾಮಾನ್ಯ ಓದುಗರ ಮುಂದೆ ಇಷ್ಟು ವಿಶದವಾಗಿ ತೆರೆದಿಟ್ಟ ಈ ಗ್ರಂಥದ ಉಪಕಾರವನ್ನು ಅಲ್ಲಿಂದ ಮುಂದೆ ಈ ವಿಷಯದಲ್ಲಿ ಕೈಯಾಡಿಸಿದವರೆಲ್ಲರೂ ಹೊತ್ತಿದ್ದಾರೆ.

ಇಷ್ಟರಲ್ಲಿ ಫ್ಲಾಪಿಯು ವ್ಯಾಪಾರದ ಸರಕಾಗಿ ಹೋಗಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಎಂಬ ಕೋಷ್ಟಕದ ಪ್ರೋಗ್ರಾಮು ಆಪಲ್ 2ಕ್ಕಾಗಿ ಹೊರಬಂದ ಮೇಲೆ ಆ ಪ್ರೋಗ್ರಾಮಿಗೋಸ್ಕರವೇ ಯಂತ್ರವನ್ನು ಕೊಳ್ಳುವ ವರ್ತಕರು ಉಂಟಾದರು. ಆಟಗಳನ್ನು ಬರೆದು ಮಾರುವವರು ಅವರ ಬೆನ್ನಿಗೇ ಬಂದರು. ನೂರಾರು ಗಂಟೆಗಳ ಶ್ರಮದಿಂದ ಸಿದ್ಧವಾದ ಪ್ರೋಗ್ರಾಮನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ನಕಲುಮಾಡಿಕೊಂಡು ಹೋಗಬಹುದಾಗಿದ್ದುದು ಪ್ರಕಾಶಕರ ನಿದ್ರೆಯನ್ನು ಕೆಡಿಸಿತು. ಅಲ್ಲಿಯೇ ವೋಜ್ನಿಯಾಕರ ಮಿತವ್ಯಯವು ಅನಿರೀಕ್ಷಿತವಾದ ದಿಕ್ಕಿನಲ್ಲಿ ಫಲಿಸಿತು. ಮುದ್ರೆಯ ಬೈಟುಗಳು ಯಾವುವು, ಸೆಕ್ಟರುಗಳು ಎಷ್ಟು, ಸಂಕೇತ ಯಾವ ಬಗೆಯದು ಎಂಬುದನ್ನೆಲ್ಲ ಸಾಫ್ಟ್‌ವೇರೇ ನಿರ್ಣಯಿಸುತ್ತಿದ್ದ ಮೇಲೆ ಪ್ರಕಾಶಕನು ತನ್ನ ಫ್ಲಾಪಿಗೆ ತನ್ನದೇ ಆದ ವ್ಯಾಕರಣವನ್ನು ಕಲ್ಪಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಮೊದಲು ಮುದ್ರೆಗಳನ್ನು ಬದಲಿಸಿದರು. ಡಾಸ್ ಜೊತೆಗೆ ಬರುತ್ತಿದ್ದ ನಕಲಿನ ಪ್ರೋಗ್ರಾಮಿಗೆ ಅಂತಹ ಫ್ಲಾಪಿಯು ಓದಲಾಗದ ಬಿಲ್ಲೆಯಾಗಿ ಕಂಡಿತು. 1981ರಲ್ಲಿ ಲಾಕ್‌ಸ್ಮಿತ್ ಎಂಬ ಪ್ರೋಗ್ರಾಮು ಬಂದು, ಸೆಕ್ಟರುಗಳ ಗೊಡವೆಗೆ ಹೋಗದೆ ಟ್ರ್ಯಾಕಿನ ಬಿಟ್ಟುಗಳನ್ನೇ ನೇರವಾಗಿ ನಕಲಿಸತೊಡಗಿತು. ಆಗ ಪ್ರಕಾಶಕರು ಇನ್ನೂ ಆಳಕ್ಕಿಳಿದರು. ಡ್ರೈವಿನ ತಲೆಯನ್ನು ನಡೆಸುವ ಮೋಟಾರು ಅರ್ಧ ಟ್ರ್ಯಾಕಿನಷ್ಟೂ ಕಾಲು ಟ್ರ್ಯಾಕಿನಷ್ಟೂ ಹೆಜ್ಜೆಯಿಡಬಲ್ಲುದಾದುದರಿಂದ ಎರಡು ಟ್ರ್ಯಾಕುಗಳ ನಡುವಣ ಎಡೆಯಲ್ಲಿ ಬರೆದರು. ಒಂದು ಟ್ರ್ಯಾಕಿನ ಯಾವುದೋ ಬಿಂದುವಿಗೂ ಪಕ್ಕದ ಟ್ರ್ಯಾಕಿನ ಯಾವುದೋ ಬಿಂದುವಿಗೂ ಇರುವ ಕೋನವನ್ನು ಅಳೆದು, ನಕಲಿನಲ್ಲಿ ಆ ಕೋನ ತಪ್ಪಿದರೆ ನಡೆಯಲು ನಿರಾಕರಿಸುವ ಪ್ರೋಗ್ರಾಮುಗಳನ್ನು ಬರೆದರು. ಸಿಯೆರಾ ಆನ್‌ಲೈನ್ ಕಂಪನಿಯಲ್ಲಿ ಮಾರ್ಕ್ ಡುಶೇನೊ ಎಂಬಾತನು ರೂಪಿಸಿದ ಸ್ಪೈರಾಡಿಸ್ಕ್ ಪದ್ಧತಿಯಲ್ಲಿ ಮಾಹಿತಿಯು ವರ್ತುಲಗಳಾಗಿರದೆ ಸುರುಳಿಯಾಗಿ ಹರಡಿಕೊಂಡಿರುತ್ತಿತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಏನನ್ನೂ ಬರೆಯದಿರುವ ತಂತ್ರ. ಬಹಳ ಹೊತ್ತು ಪಲ್ಲಟ ಕಾಣದಿದ್ದರೆ ಡ್ರೈವಿನೊಳಗಿನ ಎಂಸಿ 3470 ಎಂಬ ಚಿಪ್ಪು ಸಂಜ್ಞೆಯು ಕ್ಷೀಣಿಸಿತೆಂದು ಭಾವಿಸಿ ವರ್ಧನೆಯನ್ನು ಏರಿಸುತ್ತ ಹೋಗಿ, ಕೊನೆಗೆ ಬರಿಯ ಗದ್ದಲವನ್ನೇ 1 ಎಂದು ಓದಿಬಿಡುತ್ತಿತ್ತು. ಹೀಗಾಗಿ ಖಾಲಿ ಬಿಟ್ಟ ಎಡೆಯನ್ನು ಎರಡು ಬಾರಿ ಓದಿದರೆ ಎರಡು ಉತ್ತರಗಳು ಬರುತ್ತವೆ. ನಕಲುಮಾಡುವ ಪ್ರೋಗ್ರಾಮು ತಾನು ಒಮ್ಮೆ ಓದಿದುದನ್ನು ಹೊಸ ಬಿಲ್ಲೆಯ ಮೇಲೆ ಸ್ಥಿರವಾಗಿ ಬರೆಯುತ್ತದೆ. ಆ ಬಿಲ್ಲೆಯು ಎಷ್ಟು ಸಲ ಕೇಳಿದರೂ ಒಂದೇ ಉತ್ತರವನ್ನು ಕೊಟ್ಟು, ತಾನು ನಕಲೆಂಬುದನ್ನು ತಾನೇ ಒಪ್ಪಿಕೊಳ್ಳುತ್ತದೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಆಪಲ್ 2ರ ಯುಗ ಕಳೆದು, 1990ರ ದಶಕದಲ್ಲಿ ಅದರ ನಡೆಯನ್ನು ಬೇರೆ ಗಣಕಗಳ ಮೇಲೆ ಅನುಕರಿಸುವ ಎಮ್ಯುಲೇಟರುಗಳು ಬಂದಾಗ, ಫ್ಲಾಪಿಯ ಸ್ಥಾನದಲ್ಲಿ ಏನನ್ನು ಇಡಬೇಕೆಂಬ ಪ್ರಶ್ನೆಗೆ ದೊರೆತ ಸುಲಭವಾದ ಉತ್ತರವೇ ಡಿಎಸ್‌ಕೆ ಎಂಬ ಕಡತ. ಸೆಕ್ಟರುಗಳ ಒಡಲನ್ನು ಮಾತ್ರ ಓದಿ, ಮೊದಲ ಟ್ರ್ಯಾಕಿನಿಂದ ಕೊನೆಯ ಟ್ರ್ಯಾಕಿನವರೆಗೆ ಸಾಲಾಗಿ ಇಟ್ಟರೆ ಆಯಿತು. ಆ ಕಡತಕ್ಕೆ ಶಿರೋಲೇಖವಿಲ್ಲ. ತಾನು ಯಾರೆಂದು ಅದು ಹೇಳಿಕೊಳ್ಳುವುದಿಲ್ಲ. 1,43,360 ಎಂಬ ಗಾತ್ರವೇ ಅದರ ಗುರುತು. ಸಾಲಿನ ಕ್ರಮದಲ್ಲಿಯೂ ಏಕಮತವಿರಲಿಲ್ಲ. ಡಾಸ್ 3.3 ಸೆಕ್ಟರುಗಳಿಗೆ ಕೊಟ್ಟ ಕ್ರಮ ಒಂದು, 1983ರಲ್ಲಿ ಬಂದ ಪ್ರೊಡಾಸ್ ಎಂಬ ವ್ಯವಸ್ಥೆಯ ಕ್ರಮ ಇನ್ನೊಂದು. ಒಂದೇ ಫ್ಲಾಪಿಯಿಂದ ಒಂದೇ ಗಾತ್ರದ, ಆದರೆ ಒಳಗಿನ ಜೋಡಣೆ ಬೇರೆಯಾದ ಎರಡು ಕಡತಗಳು ಹುಟ್ಟಬಹುದಾಗಿದ್ದಿತು. ಕಡತದ ಹೆಸರಿನ ಕೊನೆಯಲ್ಲಿ ಡಿಓ ಎಂದೋ ಪಿಓ ಎಂದೋ ಗುರುತಿಟ್ಟು ಈ ಗೊಂದಲವನ್ನು ಕೆಲಮಟ್ಟಿಗೆ ಪರಿಹರಿಸಿಕೊಂಡರು.

ಡಿಎಸ್‌ಕೆ ಕಡತ ಬಿಟ್ಟುಕೊಟ್ಟುದು ಎಷ್ಟನ್ನು? 16 ಸೆಕ್ಟರುಗಳ ಒಡಲು ಸೇರಿ 32,768 ಬಿಟ್ಟುಗಳು. ಟ್ರ್ಯಾಕಿನಲ್ಲಿರುವುದು ಸುಮಾರು 50,000. ಎಂದರೆ ಬಿಲ್ಲೆಯ ಮೇಲಿದ್ದುದರಲ್ಲಿ ಮೂರನೆಯ ಒಂದು ಪಾಲು ಈ ಕಡತದಲ್ಲಿ ಇಲ್ಲ. ಸಾಮಾನ್ಯವಾದ ಫ್ಲಾಪಿಗೆ ಇದರಿಂದ ನಷ್ಟವೇನೂ ಆಗದು. ಎಮ್ಯುಲೇಟರು ಮುದ್ರೆಗಳನ್ನೂ ಲಯದ ಬೈಟುಗಳನ್ನೂ ತಾನೇ ಕಲ್ಪಿಸಿಕೊಂಡು ತುಂಬಿಬಿಡುತ್ತದೆ. ಆದರೆ ಪ್ರಕಾಶಕರು ಬೀಗವಿಟ್ಟಿದ್ದ ಫ್ಲಾಪಿಗಳ ಬೀಗವೆಲ್ಲ ಇದ್ದುದು ಈ ಮೂರನೆಯ ಒಂದು ಪಾಲಿನಲ್ಲಿಯೇ. ಆದುದರಿಂದ ಅಂದಿನ ಭಂಡಾರಗಳನ್ನು ಸೇರಿದುವು ಬಹುಮಟ್ಟಿಗೆ ಬೀಗ ಒಡೆದ ಪ್ರತಿಗಳು: ಯಾವನೋ ತರುಣನು ರಾತ್ರಿಯೆಲ್ಲ ಕುಳಿತು ರಕ್ಷಣೆಯನ್ನು ಭೇದಿಸಿ, ಆಟದ ಮೊದಲ ಪುಟದಲ್ಲಿ ತನ್ನ ಗುಪ್ತನಾಮವನ್ನು ಮೆರೆಸಿ ಹಂಚಿದವು, ಕೆಲವೊಮ್ಮೆ ಸ್ಥಳ ಸಾಲದೆ ಆರಂಭದ ಚಿತ್ರವನ್ನೋ ಸಂಗೀತವನ್ನೋ ಕತ್ತರಿಸಿ ತೆಗೆದವು. ಆ ತರುಣರು ಮಾಡಿದುದು ಅನುಮತಿಯಿಲ್ಲದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ; ಅವರು ಮಾಡದಿದ್ದರೆ ಅನೇಕ ಕೃತಿಗಳು ಇಂದು ಯಾವ ರೂಪದಲ್ಲಿಯೂ ಉಳಿದಿರುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಆದರೆ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡವನ ಕಣ್ಣಿಗೆ ಕೃತಿಯು ಹೇಗೆ ಕಂಡಿತ್ತೆಂಬುದನ್ನು ಇತಿಹಾಸಕಾರನು ಈ ಪ್ರತಿಗಳಿಂದ ತಿಳಿಯಲಾರನು.

ಈ ಕೊರತೆಯನ್ನು ನೀಗಲು ಮೊದಲು ಬಂದುದು ನಿಬ್ ಎಂಬ ಕಡತ. ಅದರಲ್ಲಿ ಸಂಕೇತಿತ ಬೈಟುಗಳನ್ನು ಬಿಲ್ಲೆಯ ಮೇಲೆ ಕಂಡಂತೆಯೇ, ಟ್ರ್ಯಾಕಿಗೆ 6,656ರಂತೆ ಇಡುತ್ತಿದ್ದರು; ಮುದ್ರೆಗಳು ಉಳಿದುವು, ಬದಲಾಯಿಸಿದ ಮುದ್ರೆಗಳೂ ಉಳಿದುವು. ಆದರೆ ಲಯಕ್ಕೆ ತರುವ ಬೈಟಿನ 10 ಬಿಟ್ಟುಗಳಲ್ಲಿ 8 ಮಾತ್ರ ಕಡತಕ್ಕೆ ಬಂದು, ಬೆನ್ನಿನ ಎರಡು 0ಗಳು ಕಾಣೆಯಾದುವು. ಅವುಗಳನ್ನು ಎಣಿಸಿ ನೋಡುತ್ತಿದ್ದ ರಕ್ಷಣೆಗಳು ಎಮ್ಯುಲೇಟರಿನಲ್ಲಿ ಮುರಿದುಬಿದ್ದುವು. ವರ್ತುಲವು ತನ್ನನ್ನು ತಾನು ಸಂಧಿಸುವ ಬಿಂದುವೂ ಅದರಲ್ಲಿ ಸ್ಪಷ್ಟವಿರಲಿಲ್ಲ.

ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಕೈಯಾಡಿಸಿದವರಿಗೆ ಶಾಸನದ ಪಾಠಕ್ಕೂ ಪಡಿಯಚ್ಚಿಗೂ ಇರುವ ಅಂತರ ಗೊತ್ತೇ ಇರುತ್ತದೆ. ಪಾಠವೆಂಬುದು ಓದಿದವನು ತನಗೆ ಅಕ್ಷರವೆಂದು ತೋರಿದುದನ್ನು ಆರಿಸಿ ಬರೆದುಕೊಂಡುದು. ಓದುವುದಕ್ಕೆ ಹಿತ, ಹಂಚುವುದಕ್ಕೆ ಸುಲಭ. ನೆನೆದ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ಮಸಿ ಹಚ್ಚಿ ತೆಗೆದ ಪಡಿಯಚ್ಚಾದರೋ ಕಲ್ಲಿನ ಬಿರುಕನ್ನೂ, ಉಳಿಯ ಜಾರನ್ನೂ, ಅಕ್ಷರವೋ ಗಾಯವೋ ಎಂದು ನಿರ್ಧರಿಸಲಾಗದ ಗೀರನ್ನೂ ಒಂದೇ ನಿಷ್ಠೆಯಿಂದ ಎತ್ತಿಕೊಂಡು ಬರುತ್ತದೆ. ಪಾಠದಲ್ಲಿ ಸಂಶಯ ಬಂದವನು ಪಡಿಯಚ್ಚಿಗೆ ಮರಳಬಹುದು; ಪಡಿಯಚ್ಚನ್ನೇ ತೆಗೆಯದೆ ಕಲ್ಲು ನಷ್ಟವಾದರೆ ಮರಳಲು ಎಡೆಯಿಲ್ಲ. ಡಿಎಸ್‌ಕೆ ಎಂಬುದು ಫ್ಲಾಪಿಯ ಪಾಠ. ಸೆಕ್ಟರಿನ ಒಡಲಷ್ಟೇ ಫ್ಲಾಪಿಯ ಸಾರವೆಂಬ ಅಭಿಪ್ರಾಯವೊಂದು, ಯಾರೂ ಅದನ್ನು ಬಾಯಿಬಿಟ್ಟು ಹೇಳದಿದ್ದರೂ, ಆ ಕಡತದ ರಚನೆಯಲ್ಲಿಯೇ ಅಡಗಿದೆ. ಡಿಸ್ಕ್ ಇಮೇಜಿನ ಪ್ರತಿಯೊಂದು ಪದ್ಧತಿಯೂ ಹೀಗೆ ಮೂಲವಸ್ತುವಿನಲ್ಲಿ ಯಾವುದು ಮುಖ್ಯವೆಂಬುದರ ಬಗೆಗೆ ಒಬ್ಬರ ತೀರ್ಮಾನವನ್ನು ಹೊತ್ತುಕೊಂಡಿರುತ್ತದೆ. ಆ ತೀರ್ಮಾನವನ್ನು ಗುರುತಿಸದವರೆಗೆ ಪದ್ಧತಿಯು ಅರ್ಥವಾಯಿತೆಂದು ಹೇಳಲಾಗದು.

ಫ್ಲಾಪಿಗಳಾದರೋ ಕಲ್ಲಿನಷ್ಟು ಆಯುಷ್ಯವುಳ್ಳವಲ್ಲ. ಆಕ್ಸೈಡನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಡುವ ಅಂಟು ಸಡಿಲವಾಗಿ ಕಣಗಳು ಉದುರುತ್ತವೆ; ತೇವವಿದ್ದಲ್ಲಿ ಬೂಷ್ಟು ಹಿಡಿಯುತ್ತದೆ; ಓದುವ ಪ್ರಯತ್ನವೇ ಕೆಲವೊಮ್ಮೆ ಕೊನೆಯ ಓದಾಗುತ್ತದೆ. 1989ರಲ್ಲಿ ಮೊದಲು ಆಪಲ್ 2ಕ್ಕಾಗಿ ಹೊರಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಕರ್ತೃ ಜೋರ್ಡನ್ ಮೆಕ್ನರ್ ಅವರು ಆ ಆಟದ ಮೂಲಬರವಣಿಗೆ ಕಳೆದುಹೋಯಿತೆಂದೇ ಬಹುಕಾಲ ತಿಳಿದಿದ್ದರು. 2012ರಲ್ಲಿ ಅವರ ತಂದೆಯವರಿಗೆ ಮನೆಯ ಪೆಟ್ಟಿಗೆಯೊಂದರಲ್ಲಿ ಅದರ ಮೂರೂವರೆ ಅಂಗುಲದ ಫ್ಲಾಪಿಗಳು ಸಿಕ್ಕಿದಾಗ, ಇಂಟರ್ನೆಟ್ ಆರ್ಕೈವಿನ ಜೇಸನ್ ಸ್ಕಾಟ್ ಮತ್ತು ಆಪಲ್ 2ರ ಪರಿಣತರಾದ ಟೋನಿ ಡಯಾಜ್ ಅವರು ಬಂದು ಆ ಬಿಲ್ಲೆಗಳಿಂದ ಮಾಹಿತಿಯನ್ನು ಸುರಕ್ಷಿತವಾಗಿ ತೆಗೆದುಕೊಟ್ಟರು. ಮೆಕ್ನರ್ ಅದನ್ನು ಲೋಕಕ್ಕೆಲ್ಲ ಓದಲು ಬಿಟ್ಟುಕೊಟ್ಟರು. 23 ವರ್ಷ ಕಳೆದರೂ ಓದಲು ಬಂದುದು ಭಾಗ್ಯ. ಇಂತಹ ಕಾರ್ಯಕ್ಕೆ ಕಾನೂನಿನ ಅಡ್ಡಿಯೂ ಇದ್ದಿತು. ಬೀಗವಿರುವ ಫ್ಲಾಪಿಯ ಬೀಗವನ್ನು ದಾಟುವುದು ಅಮೆರಿಕದ ಕೃತಿಸ್ವಾಮ್ಯದ ಕಾನೂನಿನಲ್ಲಿ ನಿಷಿದ್ಧವಾಗಿದ್ದುದರಿಂದ, ಬಳಕೆ ತಪ್ಪಿದ ಮಾಧ್ಯಮಗಳಲ್ಲಿರುವ ಪ್ರೋಗ್ರಾಮುಗಳ ಸಂರಕ್ಷಣೆಗಾಗಿ ಇಂಟರ್ನೆಟ್ ಆರ್ಕೈವಿನವರು ವಿನಾಯಿತಿಯನ್ನು ಕೋರಿ, 2003ರಲ್ಲಿ ಅದನ್ನು ಪಡೆದುಕೊಂಡರು.

ನಿಜವಾದ ಪಡಿಯಚ್ಚು ಆಪಲ್ 2ರ ಫ್ಲಾಪಿಗಳಿಗೆ ದೊರೆತುದು 2018ರಲ್ಲಿ. ಜಾನ್ ಮಾರಿಸ್ ಎಂಬುವರು ಆಪಲ್‌ಸಾಸ್ ಎಂಬ ಉಪಕರಣವನ್ನು ನಿರ್ಮಿಸಿದರು; ಅದು ಹಳೆಯ ಡಿಸ್ಕ್ 2 ಡ್ರೈವಿಗೇ ಜೋಡಿಸಿಕೊಂಡು, ಕಾಂತಪಲ್ಲಟಗಳ ನಡುವಣ ಕಾಲವನ್ನು 125 ನ್ಯಾನೊಸೆಕೆಂಡಿನ ಸೂಕ್ಷ್ಮತೆಯಲ್ಲಿ ಅಳೆಯುತ್ತದೆ. ಆ ಅಳತೆಗಳಿಂದ ಟ್ರ್ಯಾಕಿನ ಬಿಟ್ಟುಗಳನ್ನು ನಿರ್ಣಯಿಸಿ ಇಡುವುದಕ್ಕಾಗಿ ಅವರು ರಚಿಸಿದ ಕಡತದ ಪದ್ಧತಿಗೆ ವೋಜ್ನಿಯಾಕರ ಅಡ್ಡಹೆಸರಾದ ವೋಜ್ ಎಂಬುದನ್ನೇ ಇಟ್ಟರು.

ಈ ಕಡತದ ಒಳರಚನೆಯನ್ನು ನೋಡಿದರೆ ಹಿಂದಿನವರ ನೋವುಗಳೆಲ್ಲ ನೆನಪಿಗೆ ಬರುತ್ತವೆ. ಮೊದಲ ನಾಲ್ಕು ಬೈಟುಗಳು ವೋಜ್ ಎಂಬ ಅಕ್ಷರಗಳೂ ಪದ್ಧತಿಯ ಆವೃತ್ತಿಯ ಅಂಕಿಯೂ. ಡಿಎಸ್‌ಕೆ ಕಡತದಂತೆ ಇದು ಅನಾಮಧೇಯವಲ್ಲ. ಅವುಗಳ ಮುಂದಿನ ಬೈಟು ಎಫ್‌ಎಫ್: ಕಡತವನ್ನು ಸಾಗಿಸುವ ದಾರಿಯಲ್ಲಿ ಯಾವುದಾದರೂ ವ್ಯವಸ್ಥೆಯು ಬೈಟಿನ ಮೇಲಣ ಬಿಟ್ಟನ್ನು ಕತ್ತರಿಸಿಹಾಕಿದರೆ ಇದು ಬದಲಾಗಿ ತಪ್ಪನ್ನು ಹೊರಗೆಡಹುತ್ತದೆ. ಅದರ ಬಳಿಕ 0ಎ, 0ಡಿ, 0ಎ ಎಂಬ ಮೂರು ಬೈಟುಗಳು: ಕಡತವನ್ನು ಬರಿಯ ಬರೆಹವೆಂದು ಭ್ರಮಿಸಿ ಸಾಲಿನ ಕೊನೆಗಳನ್ನು ತಿದ್ದಿದವರಿದ್ದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ಅನಂತರ ಇಡೀ ಕಡತಕ್ಕೆ ಒಂದು ಪರೀಕ್ಷಾಸಂಖ್ಯೆ. ಅಲ್ಲಿಂದ ಮುಂದೆ ಟಿಮ್ಯಾಪ್ ಎಂಬ ಭಾಗದಲ್ಲಿ 160 ಬೈಟುಗಳ ಒಂದು ನಕ್ಷೆ. ತಲೆಯು ಕಾಲು ಕಾಲು ಟ್ರ್ಯಾಕಿನಂತೆ ಚಲಿಸಿ ನಿಲ್ಲಬಹುದಾದ ಪ್ರತಿಯೊಂದು ನೆಲೆಯಲ್ಲಿ ಅದಕ್ಕೆ ಏನು ಕೇಳಿಸುವುದೆಂಬುದನ್ನು ಈ ನಕ್ಷೆ ತಿಳಿಸುತ್ತದೆ. ಮಾಮೂಲು ಫ್ಲಾಪಿಯಲ್ಲಿ ಒಂದು ಟ್ರ್ಯಾಕಿನ ಎಡಬಲದ ಕಾಲುನೆಲೆಗಳಿಂದಲೂ ಅದೇ ಟ್ರ್ಯಾಕು ಕೇಳಿಸುತ್ತದಾಗಿ ಆ ಮೂರು ನೆಲೆಗಳೂ ಒಂದೇ ದತ್ತಾಂಶವನ್ನು ತೋರಿಸುತ್ತವೆ. ಸುರುಳಿಯ ಫ್ಲಾಪಿಯಲ್ಲಿ ನೆಲೆಗಳ ಹಂಚಿಕೆಯೇ ಬೇರೆ. ಏನೂ ಇಲ್ಲದ ನೆಲೆಗೆ ಎಫ್‌ಎಫ್ ಎಂಬ ಗುರುತು, ಅಲ್ಲಿ ಎಮ್ಯುಲೇಟರು ಅನಿಯತವಾದ ಬಿಟ್ಟುಗಳನ್ನು ಹುಟ್ಟಿಸಿಕೊಡಬೇಕು. ಟ್ರ್ಯಾಕಿನೊಳಗೆ ದೀರ್ಘವಾದ 0ಗಳ ಸಾಲು ಬಂದಾಗಲೂ ಹಾಗೆಯೇ. ಎಂಸಿ 3470 ಚಿಪ್ಪಿನ ಭ್ರಾಂತಿಯನ್ನು ಕೂಡ ಅನುಕರಿಸಬೇಕೆಂದು ಪದ್ಧತಿಯ ವಿವರಣೆಯಲ್ಲಿ ವಿಧಿಸಲಾಗಿದೆ. ಪ್ರತಿಯೊಂದು ಟ್ರ್ಯಾಕಿನ ಉದ್ದವನ್ನು ಬೈಟುಗಳಲ್ಲಲ್ಲದೆ ಬಿಟ್ಟುಗಳಲ್ಲಿ ನಮೂದಿಸಿರುವುದರಿಂದ ವರ್ತುಲವು ಸರಿಯಾಗಿ ಯಾವ ಬಿಟ್ಟಿನಲ್ಲಿ ತನ್ನನ್ನು ಸಂಧಿಸಬೇಕೋ ಅಲ್ಲಿಯೇ ಸಂಧಿಸುತ್ತದೆ. ಒಂದು ಪುಟ್ಟ ಚಿಪ್ಪಿನ ದೌರ್ಬಲ್ಯವನ್ನೂ ಚರಿತ್ರೆಯ ಅಂಗವೆಂದು ಬಗೆದು ಲಿಖಿತ ನಿಯಮದಲ್ಲಿ ಸೇರಿಸಿದ ಈ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು.

ಈ ಪದ್ಧತಿಯನ್ನು ಕೈಗೆತ್ತಿಕೊಂಡವರಲ್ಲಿ ಅಗ್ರಗಣ್ಯರಾದವರು ‘4ಎಎಮ್’ ಎಂಬ ಗುಪ್ತನಾಮದಿಂದ ಪ್ರಸಿದ್ಧರಾದ ಸಂರಕ್ಷಕರು. ಅವರು ಮೊದಲು ಮಾಡಿದುದು ಹಳೆಯ ತರುಣರ ಕೆಲಸವನ್ನೇ, ಎಂದರೆ ಬೀಗವನ್ನು ತೆಗೆಯುವುದನ್ನೇ. ಆದರೆ ಚಿತ್ರವನ್ನಾಗಲಿ ಸಂಗೀತವನ್ನಾಗಲಿ ಕತ್ತರಿಸದೆ, ತಮ್ಮ ಹೆಸರನ್ನು ಕೃತಿಯ ಮುಖಕ್ಕೆ ಅಂಟಿಸದೆ, ಬೀಗ ಯಾವ ಬಗೆಯದಾಗಿತ್ತು, ಅದನ್ನು ಯಾವ ಹೆಜ್ಜೆಗಳಿಂದ ತೆರೆಯಲಾಯಿತು ಎಂಬುದರ ಸಂಪೂರ್ಣ ಟಿಪ್ಪಣಿಯೊಡನೆ ಇಂಟರ್ನೆಟ್ ಆರ್ಕೈವಿನಲ್ಲಿ ಇಟ್ಟರು. ವೋಜ್ ಪದ್ಧತಿ ಬಂದ ಮೇಲೆ, ಬೀಗವನ್ನು ಮುಟ್ಟದೆಯೇ ಇಡೀ ಫ್ಲಾಪಿಯನ್ನು ಇದ್ದಂತೆ ಇಡುವ ಇನ್ನೊಂದು ಸಂಗ್ರಹವನ್ನೂ ಅವರು ಅಲ್ಲಿಯೇ ತೆರೆದರು. ಮಕ್ಕಳಿಗೆ ಕೂಡುವುದು ಕಳೆಯುವುದನ್ನು ಕಲಿಸುವ ಪ್ರೋಗ್ರಾಮುಗಳೂ ಅವುಗಳಲ್ಲಿ ಸೇರಿವೆಯೆಂಬುದನ್ನು ವಿಶೇಷವಾಗಿ ಹೇಳಬೇಕು. ಬೀಗ ಒಡೆಯುವ ತರುಣರು ಆಟಗಳಿಗೆ ತೋರಿದ ಉತ್ಸಾಹವನ್ನು ಪಾಠಗಳಿಗೆ ತೋರಿರಲಿಲ್ಲವಾಗಿ, ಆ ಕಾಲದ ಬಾಲಶಿಕ್ಷಣದ ಬಹುಭಾಗವು ಅಳಿಯುವ ಅಂಚಿನಲ್ಲಿದ್ದಿತು.

ವೋಜ್ ಕಡತವೂ ಒಂದು ತೀರ್ಮಾನವೇ ಎಂಬುದನ್ನು ಅದರ ನಿರ್ಮಾಪಕರು ಮರೆಮಾಚಿಲ್ಲ. ಪಲ್ಲಟಗಳ ಕಾಲವನ್ನು ಅಳೆದ ಮೇಲೆ ಯಾವುದು 1, ಯಾವುದು 0 ಎಂದು ನಿರ್ಧರಿಸಿದವರು ಯಾರೋ ಇದ್ದೇ ಇರುತ್ತಾರೆ; ಖಾಲಿ ಎಡೆಗಳ ಗದ್ದಲವನ್ನು ಗದ್ದಲವೆಂದು ತಿಳಿದು ತೆಗೆದುಹಾಕಿದ್ದರೆ ಅದನ್ನು ಸೂಚಿಸುವುದಕ್ಕಾಗಿ ಕಡತದ ಮಾಹಿತಿಭಾಗದಲ್ಲಿ ಒಂದು ಬೈಟನ್ನೇ ಮೀಸಲಿಟ್ಟಿದ್ದಾರೆ. ಮೆಟಾ ಎಂಬ ಇನ್ನೊಂದು ಭಾಗದಲ್ಲಿ ಕೃತಿಯ ಹೆಸರು, ಪ್ರಕಾಶಕರು, ಆವೃತ್ತಿ, ಭಾಷೆ, ಫ್ಲಾಪಿಯ ಯಾವ ಮಗ್ಗುಲು ಇದು, ಪ್ರತಿ ತೆಗೆದವರು ಯಾರು, ಯಾವ ದಿನ ತೆಗೆದರು ಎಂಬುದನ್ನು ಬರೆಯಲು ಸ್ಥಳವಿದೆ. ಇವುಗಳ ಹಿಂದೆ, ಯಾವ ತೀರ್ಮಾನವನ್ನೂ ಮಾಡದೆ ಪಲ್ಲಟಗಳ ಕಾಲವನ್ನು ಅಳೆದಂತೆಯೇ ಇಡುವ ಎ2ಆರ್ ಎಂಬ ಬೇರೆ ಕಡತವೂ ಆಪಲ್‌ಸಾಸ್ ಉಪಕರಣದಿಂದ ಹೊರಡುತ್ತದೆ. ಗಾತ್ರದಲ್ಲಿ ಅದು ವೋಜ್ ಕಡತಕ್ಕಿಂತ ಎಷ್ಟೋ ಪಾಲು ದೊಡ್ಡದು. ಆಟವಾಡುವವನಿಗೆ ಅದರಿಂದ ನೇರವಾದ ಪ್ರಯೋಜನವಿಲ್ಲ. ಆದರೂ ಜಾಗರೂಕರಾದ ಸಂಗ್ರಾಹಕರು ಅದನ್ನು ಅಳಿಸುವುದಿಲ್ಲ. ಇಂದು ಗದ್ದಲವೆಂದು ಬಿಟ್ಟ ಎಡೆಯಲ್ಲಿ ಇನ್ನೂ ಗುರುತಿಸದ ಬೀಗವೊಂದು ಇದ್ದರೆ, ಅಷ್ಟರಲ್ಲಿ ಬಿಲ್ಲೆಯ ಆಕ್ಸೈಡು ಉದುರಿಹೋಗಿದ್ದರೂ, ಆ ಅಳತೆಗಳಿಂದ ಹೊಸ ವೋಜ್ ಕಡತವನ್ನು ಕಟ್ಟಬಹುದು.